ಮನೆಯ ಮುದ್ರಣದಲ್ಲಿ ಬಣ್ಣಗಳು ಏಕೆ ಬದಲಾಗುತ್ತವೆ?

ಬೀದರ ನಗರವು ನಿಂತಿರುವ ಪ್ರಸ್ಥಭೂಮಿಯ ಮಣ್ಣು ಕೆಂಪು. ಜಂಬಿಟ್ಟಿಗೆಯ ಈ ನೆಲವನ್ನು ಇಳಿದು ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಸಾಗಿದರೆ ಎರೆಭೂಮಿಯ ಕಪ್ಪು ಕಣ್ಣಿಗೆ ಬೀಳತೊಡಗುತ್ತದೆ. ನಗರದೊಳಗೆ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಗೋಡೆಗಳ ಮೇಲೆ ಅಳಿದುಳಿದ ಹೆಂಚುಗಳ ನೀಲಿಯುಂಟು. ಬಿದರಿ ಪಾತ್ರೆಗಳ ಕಡುಗಪ್ಪಿನ ನಡುವೆ ಮಿನುಗುವ ಬೆಳ್ಳಿಯ ಬಳ್ಳಿಗಳುಂಟು. ಈ ಬಣ್ಣಗಳನ್ನೆಲ್ಲ ಇಂದು ಯಾರು ಬೇಕಾದರೂ ಸ್ಮಾರ್ಟ್‌ಫೋನಿನಲ್ಲಿ ಚಿತ್ರವಾಗಿ ಹಿಡಿಯಬಹುದು. ಮನೆಯ ಮೂಲೆಯಲ್ಲಿರುವ ಇಂಕ್‌ಜೆಟ್ ಪ್ರಿಂಟರಿನಿಂದ ಕಾಗದದ ಮೇಲೆ ಇಳಿಸಲೂಬಹುದು. ಆದರೆ ಇಳಿದುಬಂದ ಚಿತ್ರದಲ್ಲಿ ಕೆಂಪು ಮಣ್ಣು ಕಂದಾಗಿ, ನೀಲಿ ಹೆಂಚು ನೇರಳೆಯಾಗಿ, ಬಿದರಿಯ ಕಪ್ಪು ಹಸುರು ಬೆರೆತ ಬೂದಿಯಾಗಿ ಕಾಣುವುದು ಅಪರೂಪವೇನೂ ಅಲ್ಲ.

ಇದು ಕೇವಲ ಅಂದಚೆಂದದ ಪ್ರಶ್ನೆಯೆಂದು ಬಗೆಯಬಾರದು. ಕುಶಲಕರ್ಮಿಯೊಬ್ಬನು ದೂರದ ಗಿರಾಕಿಗೆ ತನ್ನ ಕೆಲಸದ ಚಿತ್ರಗಳನ್ನು ಅಚ್ಚುಮಾಡಿ ಕಳುಹಿಸಿದಾಗ ಕಪ್ಪು ಮಾಸಿದಂತೆ ಕಂಡರೆ, ದೋಷವು ಶಾಯಿಯದೆಂದು ಗಿರಾಕಿಗೆ ತಿಳಿಯುವುದಿಲ್ಲ. ಅವನು ಪಾತ್ರೆಯನ್ನೇ ಕೀಳೆಂದು ಎಣಿಸುತ್ತಾನೆ. ಬಣ್ಣವನ್ನು ನೋಡಿ ಅಳತೆಯನ್ನು ಓದುವ ಪರೀಕ್ಷೆಗಳಲ್ಲಂತೂ ಬಣ್ಣದ ತಪ್ಪು ನೇರವಾಗಿ ಅಳತೆಯ ತಪ್ಪಾಗುತ್ತದೆ. ಆದ್ದರಿಂದ ಈ ಬದಲಾವಣೆ ಎಲ್ಲಿ ಹುಟ್ಟುತ್ತದೆ, ಅದನ್ನು ಹುಡುಕುವ ಕ್ರಮವೇನು ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಬೆಳಕಿನ ಕೂಡಿಕೆ, ಶಾಯಿಯ ಕಳೆತ

ಪರದೆಯ ಮೇಲಿನ ಚಿತ್ರವೂ ಕಾಗದದ ಮೇಲಿನ ಚಿತ್ರವೂ ಒಂದೇ ಬಗೆಯವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಪರದೆಯು ತಾನೇ ಬೆಳಕನ್ನು ಸೂಸುತ್ತದೆ. ಅದರಲ್ಲಿ ಕೆಂಪು, ಹಸುರು, ನೀಲಿ ಎಂಬ ಮೂರು ಬಗೆಯ ಅತಿಸಣ್ಣ ದೀಪಗಳಿವೆಯೆಂದು ಭಾವಿಸಬಹುದು. ಮೂರೂ ಪೂರ್ಣವಾಗಿ ಬೆಳಗಿದರೆ ಬಿಳಿ. ಮೂರೂ ಆರಿದರೆ ಕಪ್ಪು. ಬೆಳಕುಗಳನ್ನು ಕೂಡಿಸಿ ಬಣ್ಣವನ್ನು ಪಡೆಯುವ ಈ ತತ್ತ್ವವನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಬಣ್ಣದ ಪಟ್ಟಿಯೊಂದನ್ನು ಮೂರು ಬಣ್ಣದ ಶೋಧಕಗಳ ಮೂಲಕ ಪ್ರತ್ಯೇಕವಾಗಿ ಛಾಯಾಚಿತ್ರ ತೆಗೆಯಿಸಿ, ಆ ಮೂರನ್ನೂ ಅದೇ ಬಣ್ಣಗಳ ಬೆಳಕಿನಲ್ಲಿ ಒಂದರ ಮೇಲೊಂದು ಬೀಳುವಂತೆ ಮಾಡಿದಾಗ ಪಟ್ಟಿಯ ಬಣ್ಣಗಳು ಮರಳಿ ಕಂಡವು.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಳಿಯ ಬೆಳಕಿನಲ್ಲಿ ಒಂದು ಭಾಗವನ್ನು ಶಾಯಿಯು ಹೀರಿಕೊಂಡು ಉಳಿದುದನ್ನು ಹಿಂದಕ್ಕೆ ಬಿಡುತ್ತದೆ. ಹಾಗೆ ಉಳಿದು ಬಂದುದೇ ನಮಗೆ ಕಾಣುವ ಬಣ್ಣ. ಇಲ್ಲಿ ನಡೆಯುವುದು ಕೂಡಿಕೆಯಲ್ಲ, ಕಳೆತ. ಅದಕ್ಕಾಗಿ ಪ್ರಿಂಟರಿನಲ್ಲಿರುವ ಶಾಯಿಗಳೂ ಬೇರೆ. ಹಸುರು ಬೆರೆತ ನೀಲಿಯಾದ ಸಯಾನ್ ಶಾಯಿಯು ಕೆಂಪು ಬೆಳಕನ್ನು ಹೀರುತ್ತದೆ. ಕೆಂಪುನೇರಳೆಯಾದ ಮಜೆಂಟಾ ಶಾಯಿಯು ಹಸುರು ಬೆಳಕನ್ನು ಹೀರುತ್ತದೆ. ಹಳದಿ ಶಾಯಿಯು ನೀಲಿ ಬೆಳಕನ್ನು ಹೀರುತ್ತದೆ. ಇವಕ್ಕೆ ಜೊತೆಯಾಗಿ ಕಪ್ಪು ಶಾಯಿಯೊಂದು ಉಂಟು. ಮೂರು ಬಣ್ಣದ ಫಲಕಗಳಿಂದ ಚಿತ್ರಗಳನ್ನು ಅಚ್ಚುಹಾಕುವ ವಿಧಾನವನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಲೆ ಬ್ಲೋನ್ ಎಂಬ ಕಲಾವಿದನು ರೂಪಿಸಿದ್ದನು. ಇಂದಿನ ಪ್ರಿಂಟರು ಆ ವಿಧಾನದ ದೂರದ ವಂಶಜ.

ಹೀಗಿರುವುದರಿಂದ ಪರದೆಯಿಂದ ಕಾಗದಕ್ಕೆ ಚಿತ್ರವು ಬರುವಾಗ ಒಂದು ಭಾಷಾಂತರ ನಡೆಯಲೇಬೇಕು. ‘ಇಷ್ಟು ಕೆಂಪು, ಇಷ್ಟು ಹಸುರು, ಇಷ್ಟು ನೀಲಿ’ ಎಂಬ ಮೂರು ಅಂಕೆಗಳು ‘ಇಷ್ಟು ಸಯಾನ್, ಇಷ್ಟು ಮಜೆಂಟಾ, ಇಷ್ಟು ಹಳದಿ, ಇಷ್ಟು ಕಪ್ಪು’ ಎಂಬ ನಾಲ್ಕು ಅಂಕೆಗಳಾಗಬೇಕು. ಶಾಯಿ, ಕಾಗದ, ಯಂತ್ರ ಇವುಗಳಲ್ಲಿ ಯಾವುದು ಬದಲಾದರೂ ಈ ನಾಲ್ಕು ಅಂಕೆಗಳು ಬದಲಾಗಬೇಕಾಗುತ್ತದೆ. ಬಣ್ಣದ ದೋಷಗಳಲ್ಲಿ ಬಹುಪಾಲು ಈ ಭಾಷಾಂತರದ ದೋಷ. ಉಳಿದವು ಶಾಯಿಯ ಹನಿಗಳ ದೋಷ.

ಹನಿಗಳ ಲೆಕ್ಕ

ಇಂಕ್‌ಜೆಟ್ ಪ್ರಿಂಟರಿನ ತಲೆಯಲ್ಲಿ ನೂರಾರು ಸೂಕ್ಷ್ಮರಂಧ್ರಗಳಿರುತ್ತವೆ. ಇವಕ್ಕೆ ನಾಝಲ್ ಎಂದು ಹೆಸರು. ಒಂದು ಬಗೆಯ ಯಂತ್ರದಲ್ಲಿ ಪ್ರತಿ ರಂಧ್ರದ ಹಿಂದೆ ಒಂದು ಪುಟ್ಟ ಕಾಯಿಸುವ ಅಂಗವುಂಟು. ಅದು ಕೆಲವು ಮೈಕ್ರೋಸೆಕೆಂಡುಗಳಷ್ಟು ಕಾಲ ಕಾದು ಶಾಯಿಯಲ್ಲಿ ಆವಿಯ ಗುಳ್ಳೆಯನ್ನೆಬ್ಬಿಸುತ್ತದೆ. ಗುಳ್ಳೆಯು ಹಿಗ್ಗಿ ಒಂದು ಹನಿಯನ್ನು ಹೊರದೂಡುತ್ತದೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ತನ್ನು ಹಾಯಿಸಿದಾಗ ಬಾಗುವ ವಸ್ತುವೊಂದು ಶಾಯಿಯನ್ನು ಒತ್ತುತ್ತದೆ. ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ತೋರುವುದೆಂದು 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದ ಪೀಝೋವಿದ್ಯುತ್ ಪರಿಣಾಮದ ವಿಲೋಮ ರೂಪವಿದು.

ಹನಿಯ ಗಾತ್ರವನ್ನು ಪಿಕೋಲೀಟರುಗಳಲ್ಲಿ ಅಳೆಯುತ್ತಾರೆ. ಲೀಟರಿನ ಲಕ್ಷ ಕೋಟಿಯ ಒಂದು ಪಾಲೇ ಪಿಕೋಲೀಟರ್. ನಾಲ್ಕು ಪಿಕೋಲೀಟರಿನ ಹನಿಯನ್ನು ಗೋಲವೆಂದು ತಿಳಿದು ಲೆಕ್ಕ ಹಾಕಿದರೆ ಅದರ ವ್ಯಾಸವು ಸುಮಾರು 20 ಮೈಕ್ರೋಮೀಟರ್ ಎಂದು ತಿಳಿಯುತ್ತದೆ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ಇದರ ಮೂರು ನಾಲ್ಕು ಪಟ್ಟು. ಒಂದು ಮಿಲಿಲೀಟರ್ ಶಾಯಿಯಲ್ಲಿ ಇಂತಹ 25 ಕೋಟಿ ಹನಿಗಳು ಅಡಗಿವೆ. ಇಷ್ಟು ಕಿರಿದಾದ ರಂಧ್ರಗಳಲ್ಲಿ ಶಾಯಿ ತುಸು ಒಣಗಿದರೂ ದಾರಿ ಮುಚ್ಚಿಹೋಗುವುದು ಸಹಜವೇ ಸರಿ.

ಬೂದುಬಣ್ಣವೆಂಬ ತಕ್ಕಡಿ

ಚಿತ್ರದ ಬಣ್ಣ ಓರೆಯಾಗಿದೆಯೆ ಎಂದು ತಿಳಿಯಲು ಅತ್ಯಂತ ಸೂಕ್ಷ್ಮವಾದ ಪರೀಕ್ಷೆ ಯಾವುದು? ಕಡುಗೆಂಪು ಹೂವಿನ ಚಿತ್ರವಲ್ಲ. ಬಣ್ಣವೇ ಇಲ್ಲದ ಬೂದು. ಕೆಂಪು ಸ್ವಲ್ಪ ಹೆಚ್ಚು ಕಡಿಮೆಯಾದರೆ ನಮ್ಮ ಕಣ್ಣು ಅದನ್ನು ಇನ್ನೊಂದು ಕೆಂಪೆಂದು ಒಪ್ಪಿಕೊಳ್ಳುತ್ತದೆ. ಬೂದಿಯಲ್ಲಿ ಹಸುರಿನ ಅಥವಾ ಕೆಂಪಿನ ಎಳೆಯೊಂದು ಸೇರಿದರೂ ಕಣ್ಣು ಕೂಡಲೇ ಅದನ್ನು ಗುರುತಿಸುತ್ತದೆ. ಬೂದು ಎಂದರೆ ಮೂರು ಶಾಯಿಗಳೂ ಸಮತೂಕದಲ್ಲಿರುವ ಸ್ಥಿತಿ. ತಕ್ಕಡಿಯ ಮುಳ್ಳು ನಡುವೆ ನಿಂತಂತೆ.

ಇಲ್ಲಿ ಸಮತೂಕವೆಂದರೆ ಸಮಪ್ರಮಾಣವಲ್ಲ. ನಿಜವಾದ ಶಾಯಿಗಳು ಆದರ್ಶ ಶಾಯಿಗಳಲ್ಲ. ಸಯಾನ್ ಶಾಯಿಯು ಕೆಂಪನ್ನಷ್ಟೇ ಅಲ್ಲದೆ ಹಸುರನ್ನೂ ನೀಲಿಯನ್ನೂ ಸ್ವಲ್ಪ ಹೀರುತ್ತದೆ. ಮಜೆಂಟಾ ನೀಲಿಯನ್ನೂ ಒಂದಿಷ್ಟು ಹೀರುತ್ತದೆ. ಆದುದರಿಂದ ಮೂರನ್ನೂ ಸಮವಾಗಿ ಬೆರೆಸಿದರೆ ದೊರೆಯುವುದು ಬೂದಲ್ಲ, ಕಂದು. ಅಚ್ಚುಕೂಟಗಳಲ್ಲಿ ನಡುಮಟ್ಟದ ಬೂದಿಗೆ ಸಯಾನ್ ಶೇಕಡ 50 ಇದ್ದರೆ ಮಜೆಂಟಾ ಮತ್ತು ಹಳದಿ ಶೇಕಡ 40ರ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳುವುದು ಇದೇ ಕಾರಣದಿಂದ.

ನಮ್ಮ ಜಿಲ್ಲೆಯಲ್ಲಿ ಈ ಪರೀಕ್ಷೆಗೆ ತಕ್ಕ ವಸ್ತುಗಳಿಗೆ ಕೊರತೆಯಿಲ್ಲ. ಬಿದರಿ ಪಾತ್ರೆಯ ಮೈ ಬಹುಪಾಲು ಸತುವೂ ಸ್ವಲ್ಪ ತಾಮ್ರವೂ ಬೆರೆತ ಮಿಶ್ರಲೋಹ. ಬೆಳ್ಳಿಯನ್ನು ಕೂರಿಸಿದ ಮೇಲೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಉಜ್ಜಿದಾಗ ಮಿಶ್ರಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹೀಗೆ ಒಂದೇ ವಸ್ತುವಿನಲ್ಲಿ ಕಪ್ಪು, ಬೂದು, ಬಿಳಿ ಮೂರೂ ಸಿಗುತ್ತವೆ. ಈ ಭಾಗದ ದೇವಣಿ ತಳಿಯ ಕಪ್ಪು ಬಿಳುಪು ಮಚ್ಚೆಗಳ ದನವೂ ಒಳ್ಳೆಯ ಪರೀಕ್ಷಾವಸ್ತುವೇ. ಇವುಗಳ ಚಿತ್ರದೊಡನೆ ಕಪ್ಪಿನಿಂದ ಬಿಳಿಯವರೆಗಿನ ಹತ್ತು ಮೆಟ್ಟಿಲುಗಳ ಬೂದು ಪಟ್ಟಿಯೊಂದನ್ನು ಕಂಪ್ಯೂಟರಿನಲ್ಲಿ ಬರೆದು ಜೊತೆಯಲ್ಲಿ ಅಚ್ಚುಹಾಕಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ಕೆಂಪು, ಹಸುರು, ನೀಲಿಗಳ ಅಂಕೆಗಳು ಪರಸ್ಪರ ಸಮವಾಗಿರಲಿ. ಮುಂದಿನ ಪರೀಕ್ಷೆಗಳಿಗೆಲ್ಲ ಈ ಒಂದು ಹಾಳೆಯೇ ಸಾಕು.

ಮೊದಲನೆಯ ಪರೀಕ್ಷೆ: ನೋಡುವ ಬೆಳಕು

ಯಂತ್ರವನ್ನು ಮುಟ್ಟುವ ಮೊದಲು ಚಿತ್ರವನ್ನು ಯಾವ ಬೆಳಕಿನಲ್ಲಿ ನೋಡುತ್ತಿದ್ದೇವೆಂದು ಕೇಳಿಕೊಳ್ಳಬೇಕು. ಎರಡು ಮೇಲ್ಮೈಗಳು ಒಂದು ಬೆಳಕಿನಲ್ಲಿ ಒಂದೇ ಬಣ್ಣವಾಗಿಯೂ ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿಯೂ ಕಾಣಬಲ್ಲವು. ಹಗಲು ಬೆಳಕಿನ ವರ್ಣಪಟಲವು ಬಹುಮಟ್ಟಿಗೆ ಸಮವಾಗಿ ಹರಡಿರುತ್ತದೆ. ಎಲ್‌ಇಡಿ ದೀಪದ ವರ್ಣಪಟಲದಲ್ಲಿ ನೀಲಿಯ ಬಳಿ ಚೂಪಾದ ಶಿಖರವೂ ಅದರ ಪಕ್ಕದಲ್ಲಿ ತಗ್ಗೂ ಇರುತ್ತವೆ. ಮೂರು ಶಾಯಿಗಳಿಂದ ಕೂಡಿಸಿದ ಬೂದು ಹಗಲಿನಲ್ಲಿ ಶುದ್ಧವಾಗಿ ಕಂಡು, ರಾತ್ರಿ ದೀಪದ ಕೆಳಗೆ ಹಸುರಾಗಿಯೋ ಕೆಂಪಾಗಿಯೋ ಕಾಣುವುದು ಇದರಿಂದಲೇ. ಅಲ್ಲದೆ ಹಳದಿ ಛಾಯೆಯ ದೀಪದಲ್ಲಿ ಇಡೀ ಕಾಗದವೇ ಹಳದಿಗೆ ವಾಲುತ್ತದೆ.

ಮಾಡಬೇಕಾದುದು ಇಷ್ಟೆ. ಹೊಸ ಅಚ್ಚನ್ನು ಕೆಲವು ಗಂಟೆಗಳ ಕಾಲ ಒಣಗಲು ಬಿಡಬೇಕು, ಏಕೆಂದರೆ ಹಸಿಯ ಶಾಯಿಯ ಬಣ್ಣವು ಒಣಗಿದ ಮೇಲೆ ತುಸು ಬದಲಾಗುತ್ತದೆ. ಅನಂತರ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಹಗಲಿನಲ್ಲಿ ನೋಡಬೇಕು. ಪಕ್ಕದಲ್ಲಿ ಬಣ್ಣದ ಗೋಡೆಯಾಗಲಿ ಪರದೆ ಬಟ್ಟೆಯಾಗಲಿ ಇರಬಾರದು. ಅವುಗಳ ಬಣ್ಣವೂ ಕಾಗದದ ಮೇಲೆ ಬೀಳುತ್ತದೆ. ಆಗಲೂ ಬೂದು ಪಟ್ಟಿ ಓರೆಯಾಗಿ ಕಂಡರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಬೇಕು.

ಎರಡನೆಯ ಪರೀಕ್ಷೆ: ಮುಚ್ಚಿದ ರಂಧ್ರಗಳು

ಪ್ರತಿಯೊಂದು ಪ್ರಿಂಟರಿನಲ್ಲಿಯೂ ‘ನಾಝಲ್ ಚೆಕ್’ ಎಂಬ ಪರೀಕ್ಷಾಚಿತ್ರವೊಂದು ಅಡಗಿರುತ್ತದೆ. ಇದನ್ನು ಯಂತ್ರವು ತನ್ನ ನೆನಪಿನಿಂದಲೇ ಬರೆಯುತ್ತದೆ. ನಮ್ಮ ಚಿತ್ರಕ್ಕಾಗಲಿ ಭಾಷಾಂತರಕ್ಕಾಗಲಿ ಇಲ್ಲಿ ಪಾತ್ರವಿಲ್ಲ. ಈ ಪರೀಕ್ಷೆಯ ಬೆಲೆ ಇರುವುದು ಅಲ್ಲಿಯೇ. ಗೆರೆಗಳು ತುಂಡಾಗದೆ ಬಂದರೆ ಹನಿಗಳ ಕಡೆ ದೋಷವಿಲ್ಲ, ಅದಕ್ಕಿಂತ ಹಿಂದಿನ ಹಂತಗಳನ್ನು ಶೋಧಿಸಬೇಕು. ಗೆರೆಗಳು ತುಂಡಾಗಿದ್ದರೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದುಪಡಿ ಮಾಡಿದರೂ ಫಲವಿಲ್ಲ. ಒಂದೇ ಹಾಳೆಯಿಂದ ಸಮಸ್ಯೆಯು ಎರಡು ಹೋಳಾಗುತ್ತದೆ.

ಯಾವ ಶಾಯಿ ನಿಂತಿದೆಯೆಂಬುದನ್ನು ಚಿತ್ರದ ಬಣ್ಣದಿಂದಲೂ ಊಹಿಸಬಹುದು. ಸಯಾನ್ ಬಾರದಿದ್ದರೆ ಕೆಂಪು ಬೆಳಕನ್ನು ಹೀರುವವರಿಲ್ಲ, ಆದ್ದರಿಂದ ಚಿತ್ರವೆಲ್ಲ ಕೆಂಪು ಕಿತ್ತಳೆಗೆ ತಿರುಗುತ್ತದೆ. ಮಜೆಂಟಾ ಬಾರದಿದ್ದರೆ ಹಸುರು ಮೇಲುಗೈಯಾಗುತ್ತದೆ. ಹಳದಿ ಬಾರದಿದ್ದರೆ ನೀಲಿ ನೇರಳೆಗಳು ಆವರಿಸುತ್ತವೆ. ಕಪ್ಪು ಬಾರದಿದ್ದರೆ ಗಾಢ ಭಾಗಗಳು ಸಪ್ಪೆಯಾಗಿ ಕಂದಿಗೆ ವಾಲುತ್ತವೆ.

ಮುಚ್ಚಿದ ರಂಧ್ರವನ್ನು ತೆರೆಯಲು ‘ಹೆಡ್ ಕ್ಲೀನಿಂಗ್’ ಎಂಬ ವ್ಯವಸ್ಥೆಯುಂಟು. ಅದು ಶಾಯಿಯನ್ನು ಬಲವಾಗಿ ಎಳೆದು ರಂಧ್ರಗಳನ್ನು ತೊಳೆಯುತ್ತದೆ. ಒಂದೆರಡು ಬಾರಿ ತೊಳೆದೂ ಗುಣ ಕಾಣದಿದ್ದರೆ ಮತ್ತೆ ಮತ್ತೆ ತೊಳೆಯುವುದು ತರವಲ್ಲ, ಶಾಯಿ ವ್ಯರ್ಥವಾಗುತ್ತದೆ. ತೊಳೆದ ಶಾಯಿಯನ್ನು ಹೀರುವ ಒಳಗಿನ ಮೆತ್ತೆಯೂ ಬೇಗ ತುಂಬುತ್ತದೆ. ಯಂತ್ರವನ್ನು ಕೆಲವು ಗಂಟೆಗಳ ಕಾಲ, ಬೇಕಾದರೆ ಒಂದು ರಾತ್ರಿ, ಸುಮ್ಮನೆ ಬಿಟ್ಟು ಪುನಃ ಪ್ರಯತ್ನಿಸುವುದು ಲೇಸು. ಒಣಗಿದ ಶಾಯಿ ಅಷ್ಟರಲ್ಲಿ ಮೆತ್ತಗಾಗುವ ಸಂಭವವುಂಟು.

ನಮ್ಮ ಭಾಗದ ಬೇಸಗೆಯನ್ನು ಇಲ್ಲಿ ಮರೆಯುವಂತಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವ ದಿನಗಳುಂಟು; ಗಾಳಿಯಲ್ಲಿ ತೇವ ಕಡಿಮೆ, ಧೂಳು ಹೆಚ್ಚು. ಇಂತಹ ಕಾಲದಲ್ಲಿ ರಂಧ್ರಗಳು ಬೇಗ ಒಣಗುತ್ತವೆ. ಪ್ರಿಂಟರಿನ ಗುಂಡಿಯನ್ನು ಒತ್ತಿ ಆರಿಸಿದಾಗ ಯಂತ್ರವು ತನ್ನ ತಲೆಯನ್ನು ಒಂದು ಮುಚ್ಚಳದ ಮೇಲೆ ತಂದು ಕೂರಿಸಿ ಆಮೇಲೆ ವಿರಮಿಸುತ್ತದೆ. ಕೆಲಸದ ನಡುವೆ ವಿದ್ಯುತ್ತು ಹೋದರೂ, ಗೋಡೆಯ ಸ್ವಿಚ್ಚನ್ನೇ ಆರಿಸಿದರೂ ತಲೆ ಮುಚ್ಚಳವಿಲ್ಲದೆ ಗಾಳಿಗೆ ತೆರೆದುಕೊಂಡು ನಿಲ್ಲುತ್ತದೆ. ಆದ್ದರಿಂದ ಯಾವಾಗಲೂ ಯಂತ್ರದ ಗುಂಡಿಯಿಂದಲೇ ಆರಿಸಬೇಕು. ವಿದ್ಯುತ್ತು ಹೋಗಿದ್ದರೆ ಮರಳಿ ಬಂದೊಡನೆ ಒಮ್ಮೆ ಹಚ್ಚಿ ಕ್ರಮವಾಗಿ ಆರಿಸಬೇಕು. ಕೆಲಸವಿಲ್ಲದಿದ್ದರೂ ವಾರಕ್ಕೊಂದು ಬಣ್ಣದ ಪುಟವನ್ನು ಅಚ್ಚುಹಾಕಿದರೆ ಶಾಯಿ ಹರಿಯುತ್ತಿರುತ್ತದೆ.

ಮೂರನೆಯ ಪರೀಕ್ಷೆ: ಕಾಗದ

ಬರೆಯುವ ಸಾಧಾರಣ ಕಾಗದದ ನಾರುಗಳು ಶಾಯಿಯನ್ನು ಒಳಕ್ಕೆ ಹೀರುತ್ತವೆ. ಹನಿ ಹರಡುತ್ತದೆ, ಬಣ್ಣ ಮಂಕಾಗುತ್ತದೆ. ಛಾಯಾಚಿತ್ರಕ್ಕೆಂದು ಮಾಡಿದ ಹೊಳಪು ಕಾಗದದ ಮೇಲಿನ ಲೇಪವು ಶಾಯಿಯನ್ನು ಮೇಲುಪದರದಲ್ಲಿಯೇ ಹಿಡಿದಿಡುತ್ತದೆ. ಸಾಧಾರಣ ಕಾಗದದ ಮೇಲಿನ ಅತಿ ಗಾಢ ಕಪ್ಪು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ ನಾಲ್ಕೈದು ಭಾಗವನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಹೊಳಪು ಕಾಗದದ ಮೇಲೆ ಇದು ಶೇಕಡ ಒಂದಕ್ಕಿಂತ ಕಡಿಮೆಯಾಗಬಲ್ಲದು. ಸಾಧಾರಣ ಕಾಗದದ ಮೇಲೆ ಬಿದರಿಯ ಕಪ್ಪು ಮಾಸಿದಂತೆ ತೋರಿದರೆ ಆಶ್ಚರ್ಯವಿಲ್ಲ.

ಕಾಗದ ಯಾವುದೆಂದು ಯಂತ್ರಕ್ಕೆ ತಾನಾಗಿಯೇ ತಿಳಿಯುವುದು ವಿರಳ, ನಾವು ತಿಳಿಸಬೇಕು. ‘ಪೇಪರ್ ಟೈಪ್’ ಎಂಬಲ್ಲಿ ಆರಿಸುವ ಹೆಸರಿಗೆ ತಕ್ಕಂತೆ ಶಾಯಿಯ ಪ್ರಮಾಣವೂ ಬೆರಕೆಯೂ ಬದಲಾಗುತ್ತವೆ. ಹೊಳಪು ಕಾಗದವನ್ನಿಟ್ಟು ‘ಪ್ಲೇನ್ ಪೇಪರ್’ ಎಂದು ಬಿಟ್ಟರೆ ಸಾಧಾರಣ ಕಾಗದಕ್ಕೆಂದು ಹಾಕಿದ ಲೆಕ್ಕವೇ ಹೊಳಪು ಕಾಗದದ ಮೇಲೆ ಬೀಳುತ್ತದೆ. ಬಣ್ಣವೂ ಓರೆಯಾಗುತ್ತದೆ, ಕಪ್ಪು ಶಾಯಿ ಒಣಗದೆ ಒರೆಸಿಕೊಳ್ಳಲೂಬಹುದು. ಕಾಗದದ ಲೇಪವಿಲ್ಲದ ಬೆನ್ನ ಮೇಲೆ ಅಚ್ಚಾದರಂತೂ ಚಿತ್ರ ಕದಡಿದ ನೀರಿನಂತಾಗುತ್ತದೆ.

ಬಿದರಿಯಂತಹ ಕಪ್ಪು ವಸ್ತುಗಳನ್ನು ಅಚ್ಚುಹಾಕುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮನೆಯ ಪ್ರಿಂಟರುಗಳಲ್ಲಿ ಅನೇಕವು ಕಪ್ಪಿಗೆ ಕಣಗಳುಳ್ಳ ಪಿಗ್ಮೆಂಟ್ ಶಾಯಿಯನ್ನೂ, ಉಳಿದ ಮೂರು ಬಣ್ಣಗಳಿಗೆ ನೀರಿನಲ್ಲಿ ಕರಗಿದ ಡೈ ಶಾಯಿಯನ್ನೂ ಬಳಸುತ್ತವೆ. ಕಣಗಳ ಕಪ್ಪು ಹೊಳಪು ಲೇಪದ ಮೇಲೆ ಚೆನ್ನಾಗಿ ಅಂಟುವುದಿಲ್ಲ. ಆದಕಾರಣ ಹೊಳಪು ಕಾಗದವೆಂದು ತಿಳಿಸಿದಾಗ ಇಂತಹ ಯಂತ್ರಗಳು ಕಪ್ಪು ಶಾಯಿಯನ್ನು ಬದಿಗಿಟ್ಟು, ಮೂರು ಬಣ್ಣಗಳನ್ನು ಬೆರೆಸಿಯೇ ಕಪ್ಪನ್ನು ತಯಾರಿಸುತ್ತವೆ. ಸಾಧಾರಣ ಕಾಗದದಲ್ಲಿ ಅಕ್ಷರಗಳು ಅಚ್ಚಗಪ್ಪಾಗಿ ಬಂದು, ಹೊಳಪು ಕಾಗದದಲ್ಲಿ ಮಾತ್ರ ಪಾತ್ರೆಯ ಕಪ್ಪು ಕಂದಾಗಿಯೋ ಹಸುರಾಗಿಯೋ ತೋರಿದರೆ ಇದೇ ಕಾರಣವಿರಬಹುದು. ಆಗ ಹೊಳಪಿಲ್ಲದ ‘ಮ್ಯಾಟ್’ ಕಾಗದವನ್ನು ಬಳಸಿ ನೋಡುವುದು ಸುಲಭವಾದ ಪರಿಹಾರ. ಅನೇಕ ಯಂತ್ರಗಳು ಅದರ ಮೇಲೆ ಕಪ್ಪು ಶಾಯಿಯನ್ನು ಬಳಸುತ್ತವೆ.

ನಾಲ್ಕನೆಯ ಪರೀಕ್ಷೆ: ಭಾಷಾಂತರಕಾರರು ಎಷ್ಟು ಮಂದಿ?

ಬಣ್ಣದ ಅಂಕೆಗಳಿಗೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಅರ್ಥವಿರಬೇಕೆಂಬ ಉದ್ದೇಶದಿಂದ 1993ರಲ್ಲಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವು ಸ್ಥಾಪನೆಯಾಯಿತು. ಒಂದೊಂದು ಯಂತ್ರದ, ಶಾಯಿಯ, ಕಾಗದದ ಗುಣಗಳನ್ನು ವಿವರಿಸುವ ‘ಪ್ರೊಫೈಲ್’ ಎಂಬ ಪಟ್ಟಿಯನ್ನು ಅದು ರೂಢಿಗೆ ತಂದಿತು. 1996ರಲ್ಲಿ ‘ಎಸ್‌ಆರ್‌ಜಿಬಿ’ ಎಂಬ ಸಾಮಾನ್ಯ ಬಣ್ಣದ ಮಾನವೂ ಬಂದಿತು. ಮನೆಯ ಪ್ರಿಂಟರುಗಳು ಸಾಮಾನ್ಯವಾಗಿ ಈ ಮಾನದ ಚಿತ್ರವನ್ನೇ ನಿರೀಕ್ಷಿಸುತ್ತವೆ. ಇದಕ್ಕಿಂತ ವಿಶಾಲವಾದ ಮಾನದಲ್ಲಿ ತೆಗೆದ ಚಿತ್ರವನ್ನು ಎಸ್‌ಆರ್‌ಜಿಬಿ ಎಂದು ತಪ್ಪಾಗಿ ಓದಿದರೆ ಬಣ್ಣಗಳೆಲ್ಲ ಸಪ್ಪೆಯಾಗುತ್ತವೆ.

ಇದಕ್ಕಿಂತಲೂ ಹೆಚ್ಚಾಗಿ ಕಾಣುವ ದೋಷವೊಂದುಂಟು. ಚಿತ್ರವನ್ನು ತೆರೆದ ತಂತ್ರಾಂಶವೂ ಭಾಷಾಂತರ ಮಾಡಬಲ್ಲದು, ಪ್ರಿಂಟರಿನ ಚಾಲಕ ತಂತ್ರಾಂಶವೂ ಮಾಡಬಲ್ಲದು. ಇಬ್ಬರೂ ಒಂದೇ ಮಾತನ್ನು ಒಬ್ಬರಾದ ಮೇಲೊಬ್ಬರು ತಿದ್ದಿದರೆ ಮೂಲದ ಅರ್ಥ ಕೆಡುತ್ತದೆ. ಇಮ್ಮಡಿ ತಿದ್ದುಪಡಿಯಾದ ಚಿತ್ರಗಳು ಬಹುಮಟ್ಟಿಗೆ ಕೆಂಪುನೇರಳೆ ಛಾಯೆಗೆ ವಾಲುತ್ತವೆ. ಪರಿಹಾರ ಸರಳ: ಕೆಲಸವನ್ನು ಒಬ್ಬರಿಗೆ ಮಾತ್ರ ವಹಿಸಬೇಕು. ಪ್ರೊಫೈಲುಗಳ ಗೊಡವೆ ಬೇಡವೆನ್ನುವವರು ತಂತ್ರಾಂಶದಲ್ಲಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಎಂಬುದನ್ನು ಆರಿಸಿದರೆ ಸಾಕು. ಪ್ರೊಫೈಲನ್ನು ತಾವೇ ಆರಿಸುವವರು ಚಾಲಕದಲ್ಲಿ ಬಣ್ಣದ ತಿದ್ದುಪಡಿಯನ್ನು ನಿಲ್ಲಿಸಬೇಕು. ಬಣ್ಣವನ್ನು ಬೆಡಗುಗೊಳಿಸುವ ‘ಫೋಟೋ ಎನ್ಹಾನ್ಸ್’ ಮುಂತಾದ ಆಯ್ಕೆಗಳೂ ಪರೀಕ್ಷೆಯ ಕಾಲದಲ್ಲಿ ನಿಂತಿರಬೇಕು.

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಬೇರೆ ತಯಾರಕರ ಶಾಯಿಯನ್ನು ತುಂಬಿದರೂ ಭಾಷಾಂತರ ಕೆಡುತ್ತದೆ. ಯಂತ್ರದ ಲೆಕ್ಕವೆಲ್ಲ ಮೂಲ ಶಾಯಿಯ ಮೇಲೆ ನಿಂತಿದೆ. ಹೊಸ ಶಾಯಿಯ ಮಜೆಂಟಾ ಸ್ವಲ್ಪ ಗಾಢವಾಗಿದ್ದರೂ ಬೂದು ಪಟ್ಟಿ ಕೆಂಪೇರುತ್ತದೆ. ಅಂತಹ ಶಾಯಿಯನ್ನು ಬಳಸಲೇಬಾರದೆಂದು ನಾವು ಹೇಳುವುದಿಲ್ಲ. ಭಾಲ್ಕಿಯಲ್ಲಿಯೋ ಔರಾದದಲ್ಲಿಯೋ ಇರುವ ಸಣ್ಣ ಸ್ಟುಡಿಯೋಗೆ ಶಾಯಿಯ ಖರ್ಚು ಚಿಕ್ಕ ಮಾತಲ್ಲ. ಆದರೆ ಒಮ್ಮೆ ಒಪ್ಪಿದ ಶಾಯಿಯನ್ನು ಪದೇ ಪದೇ ಬದಲಾಯಿಸಬಾರದು. ಚಾಲಕದಲ್ಲಿರುವ ಸಯಾನ್, ಮಜೆಂಟಾ, ಹಳದಿಗಳ ಹೊಂದಾಣಿಕೆಯನ್ನು ಬೂದು ಪಟ್ಟಿ ನೆಟ್ಟಗಾಗುವವರೆಗೆ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸಿ ಅದನ್ನೇ ಕಾಯ್ದುಕೊಳ್ಳಬೇಕು. ಚಿತ್ರ ಕೆಂಪುನೇರಳೆಯಾಗಿದ್ದರೆ ಮಜೆಂಟಾವನ್ನು ಇಳಿಸುವುದು, ಹಸುರಾಗಿದ್ದರೆ ಏರಿಸುವುದು, ಹಳದಿಯಾಗಿದ್ದರೆ ಹಳದಿಯನ್ನು ಇಳಿಸುವುದು, ಇದೇ ಸೂತ್ರ.

ಐದನೆಯ ಪರೀಕ್ಷೆ: ಪರದೆ

ಬೂದು ಪಟ್ಟಿ ನೆಟ್ಟಗೆ ಬಂದರೂ ‘ಪರದೆಯಲ್ಲಿ ಕಂಡಂತೆ ಇಲ್ಲ’ ಎಂಬ ಅತೃಪ್ತಿ ಉಳಿಯಬಹುದು. ಆಗ ತಪ್ಪು ಕಾಗದದ್ದಲ್ಲ, ಪರದೆಯದು. ರಾತ್ರಿಯ ಹೊತ್ತು ಕಣ್ಣಿಗೆ ಹಿತವಾಗಲೆಂದು ನೀಲಿಯನ್ನು ತಗ್ಗಿಸುವ ವ್ಯವಸ್ಥೆ ಫೋನುಗಳಲ್ಲಿಯೂ ಕಂಪ್ಯೂಟರುಗಳಲ್ಲಿಯೂ ಇದೆ. ಅದು ಚಾಲನೆಯಲ್ಲಿದ್ದರೆ ಪರದೆಯೆಲ್ಲ ಹಳದಿಯಾಗಿ, ಅದರ ಪಕ್ಕದಲ್ಲಿ ಸರಿಯಾದ ಅಚ್ಚು ಕೂಡ ನೀಲಿಯಾಗಿ ತೋರುತ್ತದೆ. ಪರದೆಯ ಪ್ರಕಾಶ ಅತಿಯಾಗಿದ್ದರೆ ಅಚ್ಚು ಕತ್ತಲೆಯಾಗಿ ತೋರುತ್ತದೆ. ಮುದ್ರಣಕ್ಕಾಗಿ ಚಿತ್ರವನ್ನು ತಿದ್ದುವವರು ಪರದೆಯ ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗಳ ನಡುವೆ ಇಡುತ್ತಾರೆ. ಅಳೆಯುವ ಉಪಕರಣವಿಲ್ಲದವರು ಕಿಟಕಿಯ ಬಳಿ ಬಿಳಿಯ ಹಾಳೆಯೊಂದನ್ನು ಪರದೆಯ ಪಕ್ಕದಲ್ಲಿ ಹಿಡಿದು, ಪರದೆಯ ಬಿಳಿಯು ಹಾಳೆಯ ಬಿಳಿಗೆ ಸಮನಾಗುವವರೆಗೆ ಪ್ರಕಾಶವನ್ನು ತಗ್ಗಿಸಿದರೆ ತಕ್ಕಮಟ್ಟಿಗೆ ಸಾಕು.

ಕಾಗದಕ್ಕೆ ನಿಲುಕದ ಬಣ್ಣಗಳು

ಎಲ್ಲವನ್ನೂ ಸರಿಪಡಿಸಿದ ಮೇಲೂ ಕೆಲವು ಬಣ್ಣಗಳು ದೊರೆಯುವುದಿಲ್ಲ. ಮೂರು ಶಾಯಿಗಳಿಂದ ಪಡೆಯಬಹುದಾದ ಬಣ್ಣಗಳಿಗೆ ಒಂದು ಮೇರೆಯುಂಟು. ಪರದೆಯ ಹೊಳೆಯುವ ನೀಲಿ, ತೊಳೆದಂತಹ ಹಸುರು, ಉರಿಯುವ ಕಿತ್ತಳೆ ಆ ಮೇರೆಯ ಹೊರಗಿರುವುದು ಸಾಮಾನ್ಯ. ಹಳೆಯ ಹೆಂಚಿನ ಗಾಢ ನೀಲಿಯು ನೇರಳೆಯಾಗುವುದಕ್ಕೆ ಕಾರಣವೂ ಇಲ್ಲಿದೆ. ನೀಲಿಯನ್ನು ಪಡೆಯಲು ಸಯಾನಿನೊಡನೆ ಮಜೆಂಟಾವನ್ನು ಬೆರೆಸಬೇಕು. ಆದರೆ ಎರಡೂ ಸಮವಾಗಿ ಬೆರೆತಾಗ ದೊರೆಯುವ ಬಣ್ಣ ಶುದ್ಧ ನೀಲಿಯಲ್ಲ, ನೇರಳೆಗೆ ವಾಲಿದ ನೀಲಿ. ಮಜೆಂಟಾವನ್ನು ಕೊಂಚ ತಗ್ಗಿಸಿದರೆ ಹೆಂಚಿನ ಬಣ್ಣ ಹತ್ತಿರ ಬರುತ್ತದೆ, ಆದರೆ ತನ್ನ ಗಾಢತೆಯನ್ನು ತುಸು ಕಳೆದುಕೊಳ್ಳುತ್ತದೆ.

ಬೀದರ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸವುಂಟು. ಚಿಪ್ಪಿನ ಬಣ್ಣ ಯಾವುದೇ ವರ್ಣದ್ರವ್ಯದಿಂದ ಬಂದುದಲ್ಲ. ಅದರ ತೆಳುವಾದ ಪದರಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು ಬಣ್ಣವಾಗುತ್ತವೆ. ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಕಾಗದದ ಮೇಲಿನ ಶಾಯಿ ಎಲ್ಲ ಕೋನಗಳಿಂದಲೂ ಹೆಚ್ಚು ಕಡಿಮೆ ಒಂದೇ ಬಣ್ಣ. ಬಿದರಿಯ ಬೆಳ್ಳಿಯದೂ ಇದೇ ಕಥೆ. ಬೆಳ್ಳಿಯ ಹೊಳಪು ಒಂದು ಬಣ್ಣವಲ್ಲ, ಸುತ್ತಲಿನ ಬೆಳಕಿನ ಪ್ರತಿಬಿಂಬ. ಅಚ್ಚಿನಲ್ಲಿ ಅದು ಬೂದು ಬಿಳುಪುಗಳ ಹಂಚಿಕೆಯಾಗಿ ಮಾತ್ರ ಬರಬಲ್ಲದು. ಇದನ್ನರಿತ ಛಾಯಾಗ್ರಾಹಕನು ಪಾತ್ರೆಯ ಎದುರಿಗೆ ಬಿಳಿಯ ಬಟ್ಟೆಯನ್ನು ಹಿಡಿದು ಬೆಳ್ಳಿಗೆ ಸಮನಾದ ಬಿಳುಪನ್ನು ಒದಗಿಸುತ್ತಾನೆ. ನೀಲಿ ಆಕಾಶದ ಕೆಳಗೆ ತೆಗೆದ ಚಿತ್ರದಲ್ಲಿ ಬೆಳ್ಳಿ ನೀಲಿಯಾಗಿ ಬಂದರೆ ಅದಕ್ಕೆ ಪ್ರಿಂಟರು ಹೊಣೆಯಲ್ಲ.

ಕಾಲವೂ ಬಣ್ಣವನ್ನು ಬದಲಿಸುತ್ತದೆ

ಇಂದು ಸರಿಯಿದ್ದ ಚಿತ್ರ ಕೆಲವು ತಿಂಗಳಲ್ಲಿ ಕೆಂಪಾಗುವುದೂ ಉಂಟು. ಡೈ ಶಾಯಿಯ ಅಣುಗಳನ್ನು ಬಿಸಿಲೂ ಗಾಳಿಯಲ್ಲಿರುವ ಓಜೋನ್ ಅನಿಲವೂ ಒಡೆಯುತ್ತವೆ. ಓಜೋನಿನ ಹೊಡೆತಕ್ಕೆ ಸಾಮಾನ್ಯವಾಗಿ ಮೊದಲು ಸಿಗುವುದು ಸಯಾನ್; ಅದು ಅಳಿದಂತೆ ಕೆಂಪು ಉಳಿಯುತ್ತದೆ. 2000ನೆಯ ಇಸವಿಯಲ್ಲಿ ಹೊಸದಾಗಿ ಬಂದ ಕೆಲವು ಪ್ರಿಂಟರುಗಳ ಹೊಳಪು ಕಾಗದದ ಚಿತ್ರಗಳು ಅಲ್ಪಕಾಲದಲ್ಲಿಯೇ ಕಿತ್ತಳೆಗೆ ತಿರುಗಿದುದು ಈ ಕಾರಣದಿಂದಲೇ. ತೀರಿಹೋದ ಹಿರಿಯರ ಭಾವಚಿತ್ರದಂತಹ, ಮತ್ತೆ ದೊರೆಯದ ಚಿತ್ರಗಳನ್ನು ಅಚ್ಚುಹಾಕಿದಾಗ ಗಾಜಿನ ಚೌಕಟ್ಟಿನೊಳಗೆ ಗಾಳಿ ಆಡದಂತೆ ಮುಚ್ಚಿ, ಬಿಸಿಲು ಬೀಳದ ಗೋಡೆಯ ಮೇಲೆ ತೂಗುಹಾಕಬೇಕು. ಪಿಗ್ಮೆಂಟ್ ಶಾಯಿಯ ಚಿತ್ರಗಳು ಹೆಚ್ಚು ಕಾಲ ಬಾಳುತ್ತವೆ.

ಬಣ್ಣವೇ ಅಳತೆಯಾದಾಗ

ಕೊನೆಗೆ, ಬಣ್ಣದ ತಪ್ಪು ಅತ್ಯಂತ ಗಂಭೀರವಾಗುವ ಸಂದರ್ಭವನ್ನು ನೋಡೋಣ. ಮಣ್ಣು ಆಮ್ಲವೋ ಕ್ಷಾರವೋ ಎಂದು ತಿಳಿಯಲು ಶಾಲೆಗಳಲ್ಲಿ ಪಿಎಚ್ ಕಾಗದವನ್ನು ಬಳಸುತ್ತಾರೆ. ಮಣ್ಣನ್ನು ಕದಡಿದ ನೀರಿನಲ್ಲಿ ಕಾಗದವನ್ನು ಅದ್ದಿ, ಮೂಡಿದ ಬಣ್ಣವನ್ನು ಒಂದು ಬಣ್ಣದ ಪಟ್ಟಿಯೊಡನೆ ಹೋಲಿಸಬೇಕು. ಸಾಮಾನ್ಯವಾಗಿ 6ಕ್ಕೆ ಹಳದಿ ಹಸುರು, 7ಕ್ಕೆ ಹಸುರು, 8ಕ್ಕೆ ನೀಲಿ ಹಸುರು. ಈ ಪಟ್ಟಿ ಕಳೆದುಹೋದಾಗ ಚಿತ್ರವನ್ನು ಎಲ್ಲಿಂದಲೋ ಪಡೆದು ಮನೆಯಲ್ಲಿಯೇ ಅಚ್ಚುಹಾಕಿಕೊಳ್ಳುವುದು ಸುಲಭ. ಆದರೆ ಪ್ರಿಂಟರಿನಲ್ಲಿ ಹಳದಿ ಶಾಯಿ ಕುಗ್ಗಿದ್ದರೆ ಏನಾಗುತ್ತದೆ? ಪಟ್ಟಿಯ ಪ್ರತಿಯೊಂದು ಚೌಕವೂ ನೀಲಿಯ ಕಡೆಗೆ ಜರುಗುತ್ತದೆ. 7ರ ಚೌಕವು ನೀಲಿ ಹಸುರಾಗಿ ಅಚ್ಚಾಗುತ್ತದೆ. ಔರಾದದ ಎರೆಮಣ್ಣಿನ ನೀರು 8ರ ನೀಲಿ ಹಸುರನ್ನು ತೋರಿಸಿದರೆ, ವಿದ್ಯಾರ್ಥಿಯು ಅದನ್ನು 7 ಎಂದು, ಎಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಮಣ್ಣೆಂದು ಓದುತ್ತಾನೆ. ಕಾಗದವೂ ಸರಿ, ಮಣ್ಣೂ ಸರಿ, ವಿದ್ಯಾರ್ಥಿಯ ಕಣ್ಣೂ ಸರಿ. ಉತ್ತರ ಮಾತ್ರ ತಪ್ಪು. ಪಿಎಚ್ ಮಾನದಲ್ಲಿ ಒಂದಂಕೆಯ ಅಂತರವೆಂದರೆ ಹೈಡ್ರೋಜನ್ ಅಯಾನುಗಳ ಪ್ರಮಾಣದಲ್ಲಿ ಹತ್ತು ಪಟ್ಟಿನ ಅಂತರ.

ಮೂತ್ರದಲ್ಲಿ ಸಕ್ಕರೆಯನ್ನು ಪರೀಕ್ಷಿಸುವ ಪಟ್ಟಿಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಅವುಗಳ ಡಬ್ಬಿಯ ಮೇಲಿನ ಬಣ್ಣದ ಚೌಕಗಳನ್ನು ಆ ಪಟ್ಟಿಗಳಿಗೆ ಹೊಂದುವಂತೆ ಎಚ್ಚರದಿಂದ ಅಚ್ಚುಹಾಕಿರುತ್ತಾರೆ. ಅದರ ಚಿತ್ರವನ್ನು ತೆಗೆದು ಮನೆಯಲ್ಲಿ ಅಚ್ಚುಹಾಕಿ ಹೋಲಿಸುವುದು, ಮರದ ಅಳತೆಪಟ್ಟಿಗೆ ಬದಲಾಗಿ ಹಿಗ್ಗುವ ರಬ್ಬರಿನ ಪಟ್ಟಿಯಿಂದ ಬಟ್ಟೆಯನ್ನು ಅಳೆದಂತೆ. ಅಳತೆಗಾಗಿ ಇರುವ ಬಣ್ಣದ ಪಟ್ಟಿಯನ್ನು ಮನೆಯ ಪ್ರಿಂಟರಿನಲ್ಲಿ ಎಂದಿಗೂ ಅಚ್ಚುಹಾಕಬಾರದು. ಪಟ್ಟಿ ಕಳೆದುಹೋಗಿದ್ದರೆ ಹೊಸ ಡಬ್ಬಿಯನ್ನೇ ಕೊಳ್ಳಬೇಕು.

ಉಳಿದ ಚಿತ್ರಗಳಿಗೆ ಮೇಲೆ ಹೇಳಿದ ಕ್ರಮವೇ ಸಾಕು: ಮೊದಲು ಬೆಳಕು, ಆಮೇಲೆ ರಂಧ್ರಗಳು, ಅನಂತರ ಕಾಗದ, ಭಾಷಾಂತರ, ಪರದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಕಾಗದವನ್ನೂ ಆಯ್ಕೆಗಳನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಚಿತ್ರ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು, ಮುಂದಿನ ಸಲ ಕೆಟ್ಟಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಪ್ರತಿಯೊಂದು ಪರೀಕ್ಷಾಹಾಳೆಯ ಬೆನ್ನ ಮೇಲೆ ದಿನಾಂಕ, ಕಾಗದದ ಹೆಸರು, ಶಾಯಿಯ ಹೆಸರು, ಆರಿಸಿದ ಆಯ್ಕೆಗಳು ಇಷ್ಟನ್ನು ಪೆನ್ಸಿಲಿನಿಂದ ಬರೆದಿಡುವ ಅಭ್ಯಾಸವನ್ನು ವಾಚಕರು ಮಾಡಿಕೊಳ್ಳಲಿ. ಹತ್ತು ಹಾಳೆಗಳು ಕೂಡುವಷ್ಟರಲ್ಲಿ ತಮ್ಮ ಯಂತ್ರದ ಸ್ವಭಾವ ಅವರಿಗೆ ತಿಳಿದಿರುತ್ತದೆ.